ಅಮ್ಮನ ಫೋನಿನಲ್ಲಿ ಟವರ್ ಇದೆ, ನೆಟ್ ಇಲ್ಲ. ಎಪಿಎನ್ ಸೇವ್ ಮಾಡಿದರೂ ಮಾಯವಾಗುತ್ತಿದೆ

ತೋಟದ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ ಸಹಾಯ ಮಾಡಿ.

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ಪೇಟೆಯಿಂದ ತುಂಬಾ ಒಳಗೆ. ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೇನೆ. ಮನೆಯಲ್ಲಿ ಅಮ್ಮ ಒಬ್ಬರೇ. ಅವರ ಫೋನಿನಲ್ಲಿ ಮೊದಲಿನಿಂದ ಇದ್ದ ಸಿಮ್ಮಿಗೆ ಜಗಲಿಯ ಕಂಬದ ಹತ್ತಿರ ನಿಂತರೆ ಮಾತ್ರ ಸಿಗ್ನಲ್ ಸಿಗುತ್ತದೆ. ಮಾತಾಡಲು ಸಾಕು, ನೆಟ್ ಮಾತ್ರ ಆಗುವುದಿಲ್ಲ. ಈಗ ಎದುರಿನ ಗುಡ್ಡದಲ್ಲಿ ಬಿಎಸ್‌ಎನ್‌ಎಲ್ 4ಜಿ ಟವರ್ ಬಂದಿದೆ. ಅಂಗಳದಲ್ಲಿ ನಿಂತರೆ ರಾತ್ರಿ ಅದರ ಕೆಂಪು ದೀಪ ಕಾಣುತ್ತದೆ. ಹೋದ ವಾರ ಊರಿಗೆ ಹೋದಾಗ ಹೊಸದಾಗಿ ಬಿಎಸ್‌ಎನ್‌ಎಲ್ ಸಿಮ್ ಕೊಂಡು ಎರಡನೇ ಸ್ಲಾಟಿಗೆ ಹಾಕಿಕೊಟ್ಟೆ. ಸಿಮ್ ಚಾಲೂ ಆಗುವ ಮೊದಲೇ ನನ್ನ ರಜೆ ಮುಗಿದು ಬಸ್ ಹತ್ತಬೇಕಾಯಿತು.

ಮರುದಿನ ಚಾಲೂ ಆಯಿತು. ಕಡ್ಡಿ ಪೂರ್ತಿ ಇದೆ. ಆ ನಂಬರಿನಿಂದ ಕಾಲ್ ಹೋಗುತ್ತದೆ, ಬರುತ್ತದೆ. ನೆಟ್ ಮಾತ್ರ ಇಲ್ಲ. 4ಜಿ ಅಂತ ಒಮ್ಮೆ ಕಾಣುತ್ತದೆ, ಒಮ್ಮೆ ಹೋಗುತ್ತದೆ. ಮೊದಲು ಮೊಬೈಲ್ ಡೇಟಾ ಹಳೇ ಸಿಮ್ಮಿನ ಮೇಲೆ ಇತ್ತು, ಅದನ್ನು ಫೋನಿನಲ್ಲೇ ಹೇಳಿ ಎರಡನೇ ಸಿಮ್ಮಿಗೆ ಬದಲಾಯಿಸಿದೆ. ಆದರೂ ಇಲ್ಲ. ಆಮೇಲೆ ಹುಡುಕಿದಾಗ ಎಪಿಎನ್, ಅಂದರೆ ಕಂಪನಿಯ ನೆಟ್ಟಿಗೆ ಸೇರಲು ಫೋನಿನಲ್ಲಿ ಬರೆಯುವ ಹೆಸರು, ಹಾಕಬೇಕು ಅಂತ ಗೊತ್ತಾಯಿತು. ಅಮ್ಮನಿಗೆ 64 ವರ್ಷ. ಇಂಗ್ಲಿಷ್ ಅಕ್ಷರ ಒಂದೊಂದೇ ಓದುತ್ತಾರೆ. ಕಂಬದ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು, ಸ್ಪೀಕರ್ ಹಾಕಿಸಿ ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಮೊದಲನೇ ಸಲ ಸೇವ್ ಆಯಿತು, ಆದರೆ ನೆಟ್ ಬರಲಿಲ್ಲ. ಏನೋ ತಪ್ಪಾಗಿರಬಹುದು ಅಂತ ಮತ್ತೆ ಹೊಸದಾಗಿ ಬರೆಸಿದೆ. ಈ ಸಲ ಸೇವ್ ಒತ್ತಿದರೆ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಹೀಗೆ ನಾಲ್ಕು ಸಲ ಆಯಿತು. ನಾಲ್ಕು ಸಲವೂ ಮಾಯ.

ಫೋನ್ ಹಾಳಾಗಿದೆಯಾ? ಸಿಮ್ ಸರಿ ಇಲ್ಲವಾ? ಶಿವಮೊಗ್ಗಕ್ಕೆ ಕಳಿಸಬೇಕೆಂದರೆ ಅಮ್ಮನಿಗೆ ಒಂದು ದಿನ ಪೂರ್ತಿ ಹೋಗುತ್ತದೆ, ಕೊಟ್ಟಿಗೆಯಲ್ಲಿ ಕರು ಬೇರೆ ಇದೆ. ಅವರಿಗೆ ಬೇಕಾಗಿರುವುದು ಎರಡೇ. ಮಗಳ ಮುಖ ನೋಡಬೇಕು, ಅಂದರೆ ನನ್ನ ಮಗಳ ಮುಖ. ಮತ್ತೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಬರುವ ಅಡಿಕೆ ಧಾರಣೆ. ಇವತ್ತು ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ಪಕ್ಕದ ಮನೆಯವರನ್ನು ದಿನಾ ಕೇಳಲು ಅವರಿಗೆ ಸಂಕೋಚ.

ಸಾಗರದ ಸರ್ವಿಸ್

ನಮಸ್ಕಾರ. ಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನಿಮ್ಮ ಕಡೆಯಿಂದ ಇದೇ ದೂರು ಹಿಡಿದುಕೊಂಡು ತುಂಬಾ ಜನ ಬರುತ್ತಾರೆ. ಹತ್ತರಲ್ಲಿ ಎಂಟು ಫೋನಿಗೆ ನಾನು ಸ್ಕ್ರೂ ಡ್ರೈವರ್ ಮುಟ್ಟುವುದೇ ಇಲ್ಲ. ಹಾಗಾಗಿ ಸದ್ಯಕ್ಕೆ ಅಮ್ಮನನ್ನು ಶಿವಮೊಗ್ಗಕ್ಕೆ ಕಳಿಸಬೇಡಿ.

ಎಪಿಎನ್‌ಗೆ ಹೋಗುವ ಮೊದಲು ಒಂದು ವಿಷಯ ನೋಡಬೇಕು. ಫೋನ್ ಆ ಟವರಿನ 4ಜಿ ಹಿಡಿಯುತ್ತದಾ ಅನ್ನುವುದು. ಬಿಎಸ್‌ಎನ್‌ಎಲ್ 4ಜಿ ಬರುವುದು ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ಬೇರೆ ಬೇರೆ ರೇಡಿಯೋ ತರಂಗದಲ್ಲಿ, 700 ಮೆಗಾಹರ್ಟ್ಸ್ ಮತ್ತು 2100 ಮೆಗಾಹರ್ಟ್ಸ್. ಫೋನಿನವರು ಬರೆಯುವಾಗ ಇದನ್ನು ಬ್ಯಾಂಡ್ 28 ಮತ್ತು ಬ್ಯಾಂಡ್ 1 ಅಂತ ಬರೆಯುತ್ತಾರೆ. 700 ನಮ್ಮಂಥ ಗುಡ್ಡ, ಕಾಡು ಇರುವ ಕಡೆ ದೂರ ಹೋಗುತ್ತದೆ, ಗೋಡೆಯ ಒಳಗೂ ಚೆನ್ನಾಗಿ ಬರುತ್ತದೆ. ಆದರೆ ನಾಲ್ಕೈದು ವರ್ಷದ ಹಿಂದಿನ ಎಷ್ಟೋ ಫೋನುಗಳಲ್ಲಿ ಬ್ಯಾಂಡ್ 28 ಇಲ್ಲ. ಆಗ ಇಲ್ಲಿ ಯಾರೂ ಅದರಲ್ಲಿ 4ಜಿ ಕೊಡುತ್ತಿರಲಿಲ್ಲ, ಹಾಗಾಗಿ ಫೋನಿಗೂ ಹಾಕಲಿಲ್ಲ. ಅಂಥ ಫೋನಿಗೆ ಟವರ್ ಎದುರೇ ಇದ್ದರೂ 700ರ 4ಜಿ ಕಾಣುವುದಿಲ್ಲ, 2ಜಿ ಹಿಡಿದುಕೊಂಡು ಕಡ್ಡಿ ಪೂರ್ತಿ ತೋರಿಸುತ್ತದೆ. ಕಡ್ಡಿ ನೋಡಿ ಮೋಸ ಹೋಗುವುದು ಇಲ್ಲೇ. ನಿಮ್ಮದರಲ್ಲಿ 4ಜಿ ಅಂತ ಆಗಾಗ ಬರುತ್ತದೆ ಅಂದಿದ್ದೀರಿ, ಆದ್ದರಿಂದ ಈ ತೊಂದರೆ ಇರಲಿಕ್ಕಿಲ್ಲ. ಆದರೂ ಫೋನಿನ ಮಾಡೆಲ್ ಹೆಸರು ಹಾಕಿ ಹುಡುಕಿ, ಬ್ಯಾಂಡ್ ಪಟ್ಟಿಯಲ್ಲಿ 28 ಇದೆಯಾ ನೋಡಿಬಿಡಿ.

ಈಗ ಮೂರು ಪ್ರಶ್ನೆ. ಎಪಿಎನ್ ಬರೆಸುವಾಗ ಎಂಸಿಸಿ, ಎಂಎನ್‌ಸಿ ಅನ್ನುವ, ದೇಶ ಮತ್ತು ಕಂಪನಿಯ ಗುರುತಿನ ನಂಬರ್ ಇರುವ ಎರಡು ಸಾಲನ್ನೂ ಮುಟ್ಟಿದಿರಾ? ಆ ಪೇಜ್ ತೆರೆದಾಗ ಮೇಲೆ ಯಾವ ಕಂಪನಿ ಹೆಸರು ಇತ್ತು? ಮತ್ತೆ, ನೆಟ್ ಬಂತಾ ಇಲ್ಲವಾ ಅಂತ ಅಮ್ಮ ನೋಡಿ ಹೇಳಿದ್ದು ಯಾವಾಗ, ನಿಮ್ಮ ಜೊತೆ ಮಾತಾಡುತ್ತಾ ಇರುವಾಗಲೇನಾ? ಈ ಮೂರನೆಯದನ್ನು ಸರಿಯಾಗಿ ನೆನಪು ಮಾಡಿಕೊಂಡು ಹೇಳಿ.

ತೋಟದ ಹುಡುಗ

ಥ್ಯಾಂಕ್ಸ್ ಅಣ್ಣ. ಮಾಡೆಲ್ ಹಾಕಿ ನೋಡಿದೆ, ಬ್ಯಾಂಡ್ 28 ಇದೆ.

ಹೌದು, ಎಂಸಿಸಿ 404, ಎಂಎನ್‌ಸಿ 71 ಅಂತ ಬರೆಸಿದೆ. ಕರ್ನಾಟಕದ ಬಿಎಸ್‌ಎನ್‌ಎಲ್‌ಗೆ ಅದೇ ಅಂತ ಒಂದು ಕಡೆ ಓದಿದ್ದೆ. ಅಮ್ಮ "ಇಲ್ಲಿ ಮೊದಲೇ ಬೇರೆ ನಂಬರ್ ಇದೆಯಲ್ಲೋ" ಅಂದರು. ಅಳಿಸಿ 71 ಹಾಕಿ ಅಂದೆ. ಮೊದಲನೇ ಸಲ ಬರೆಸಿದಾಗ ಹಾಗೆ ಹೇಳಿದ ನೆನಪಿಲ್ಲ, ಆಗ ನಂಬರ್ ಸರಿಯಾಗೇ ಇತ್ತು.

ಪೇಜಿನ ಮೇಲೆ ಯಾವ ಹೆಸರು ಅಂತ ಈಗ ಕೇಳಿದೆ. ಹಳೇ ಕಂಪನಿ ಹೆಸರು ಕಾಣುತ್ತದಂತೆ.

ಮತ್ತೆ ನೆಟ್ ನೋಡಿದ್ದು ಪ್ರತಿ ಸಲವೂ ಕಾಲ್‌ನಲ್ಲಿ ಇರುವಾಗಲೇ. ಕಂಬದ ಹತ್ತಿರ ಹಳೇ ಸಿಮ್ಮಿಗೆ ನಾನೇ ಕಾಲ್ ಮಾಡುತ್ತಿದ್ದೆ. "ಈಗ ವಾಟ್ಸಾಪ್ ತೆಗೆದು ನೋಡಿ" ಅನ್ನುವುದು, ಅವರು "ಸುತ್ತುತ್ತಾ ಇದೆ" ಅನ್ನುವುದು. ಕಾಲ್ ಇಟ್ಟ ಮೇಲೆ ಅಮ್ಮ ಡೇಟಾ ಆಫ್ ಮಾಡಿ ಇಡುತ್ತಾರೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ ಅಂತ. ಇದು ಕಾರಣ ಇರಬಹುದಾ?

ಟವರ್ ದಾರಿ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಮೊಬೈಲ್ ನೆಟ್‌ವರ್ಕ್ ಕೆಲಸದಲ್ಲೇ ಇರುವವನು. ಸಾಗರದವರು ಉತ್ತರದ ಹತ್ತಿರ ಬಂದಿದ್ದಾರೆ, ಅವರೇ ಮುಗಿಸಲಿ. ನಾನು ಎಪಿಎನ್ ಅಂದರೆ ಏನು ಅಂತ ಮಾತ್ರ ಹೇಳುತ್ತೇನೆ. ಅದು ಗೊತ್ತಿಲ್ಲದೆ ಜನ ಸುಮ್ನೆ ಎಲ್ಲಾ ಸಾಲು ತುಂಬಿಸಿ ಫೋನನ್ನು ಇನ್ನಷ್ಟು ಕೆಡಿಸಿಕೊಳ್ಳುವುದನ್ನು ನೋಡಿದರೆ ಬೇಜಾರಾಗುತ್ತದೆ.

ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. ಗೇಟ್ ದಾಟಿ ಒಳಗೆ ಬಂದಿದ್ದೀರಿ. ಅದು ಟವರ್ ಸಿಕ್ಕಿದ ಹಾಗೆ. ಆದರೆ ಯಾವ ಪ್ಲಾಟ್‌ಫಾರ್ಮ್ ಅಂತ ಗೊತ್ತಿಲ್ಲದಿದ್ದರೆ ಬಸ್ ಸಿಗುವುದಿಲ್ಲ, ಅಲ್ವಾ. ಎಪಿಎನ್ ಆ ಪ್ಲಾಟ್‌ಫಾರ್ಮಿನ ಹೆಸರು. ಕಂಪನಿಯ ಒಳಗೆ ಇಂಟರ್ನೆಟ್ಟಿಗೆ ಹೋಗುವ ಬಾಗಿಲುಗಳು ಬೇರೆ ಬೇರೆ ಇರುತ್ತವೆ. ಸಾಮಾನ್ಯ ನೆಟ್ಟಿಗೆ ಒಂದು, 4ಜಿಯಲ್ಲಿ ಮಾತಾಡುವ ವೋಲ್ಟಿಗೆ ಒಂದು, ದೊಡ್ಡ ಆಫೀಸುಗಳ ಖಾಸಗಿ ಜಾಲಕ್ಕೆ ಇನ್ನೊಂದು. ಫೋನ್ "ನನಗೆ ಈ ಬಾಗಿಲು ಬೇಕು" ಅಂತ ಹೆಸರು ಹೇಳಿ ಕೇಳುತ್ತದೆ. ಆ ಗ್ರಾಹಕರಿಗೆ ಯಾವ ಯಾವ ಬಾಗಿಲು ತೆರೆದಿದೆ ಅಂತ ಕಂಪನಿಯ ದಾಖಲೆಯಲ್ಲಿ ಇರುತ್ತದೆ. ಹೆಸರು ಹೊಂದಿದರೆ ಒಳಗೆ ಬಿಡುತ್ತಾರೆ. ಹೊಂದದಿದ್ದರೆ ಫೋನಿಗೆ ಒಂದು ನಂಬರ್ ವಾಪಸ್ ಬರುತ್ತದೆ. 27 ಬಂದರೆ ಅಂಥ ಹೆಸರೇ ಇಲ್ಲ ಅಂತ, 33 ಬಂದರೆ ಹೆಸರು ಇದೆ ಆದರೆ ನಿಮಗೆ ಅದನ್ನು ಕೊಟ್ಟಿಲ್ಲ ಅಂತ. ಈ ನಂಬರನ್ನು ಫೋನ್ ನಿಮಗೆ ತೋರಿಸುವುದಿಲ್ಲ. ನಿಮಗೆ ಕಾಣುವುದು ಸುತ್ತುವ ಚಕ್ರ ಅಷ್ಟೇ.

ಹೆಸರು ಎಷ್ಟು ಸರಿಯಾಗಿರಬೇಕು ಅನ್ನುವುದಕ್ಕೆ ಒಂದು ವಿಷಯ. ನೀವು ಬಿಎಸ್‌ಎನ್‌ಎಲ್‌ನೆಟ್ ಅಂತ ಬರೆದರೆ ನೆಟ್‌ವರ್ಕ್ ಅದಕ್ಕೆ ತಾನೇ ಒಂದು ಬಾಲ ಸೇರಿಸಿಕೊಳ್ಳುತ್ತದೆ. ಡಾಟ್ ಎಪಿಎನ್, ಡಾಟ್ ಇಪಿಸಿ, ಡಾಟ್ ಎಂಎನ್‌ಸಿ071, ಡಾಟ್ ಎಂಸಿಸಿ404, ಡಾಟ್ 3ಜಿಪಿಪಿನೆಟ್‌ವರ್ಕ್, ಡಾಟ್ ಆರ್ಗ್. ವೆಬ್‌ಸೈಟಿನ ವಿಳಾಸದ ಥರವೇ ಅದನ್ನು ಹುಡುಕಿ ಬಾಗಿಲು ಎಲ್ಲಿದೆ ಅಂತ ತಿಳಿದುಕೊಳ್ಳುತ್ತದೆ. ಹಾಗಾಗಿ ಮಧ್ಯೆ ಒಂದು ಚುಕ್ಕೆ ಬಿದ್ದರೂ ಅದು ಬೇರೆಯೇ ವಿಳಾಸ. ದೊಡ್ಡಕ್ಷರ, ಸಣ್ಣಕ್ಷರದ ಗೋಳು ಇಲ್ಲ. ಚುಕ್ಕೆ, ಖಾಲಿ ಜಾಗ, ಅಕ್ಷರ ತಪ್ಪು, ಇವೇ ಕಾಡುವುದು. ಬಿಎಸ್‌ಎನ್‌ಎಲ್‌ಗೆ ಏಳೇ ಅಕ್ಷರ: ಬಿ, ಎಸ್, ಎನ್, ಎಲ್, ಎನ್, ಇ, ಟಿ. ಚುಕ್ಕೆ ಇಲ್ಲ. ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ಅಲ್ಲಿ ಚುಕ್ಕೆ ಬೇಕು. ಜಿಯೋಗೆ ಜಿಯೋನೆಟ್. ವಿ, ಅಂದರೆ ವೊಡಾಫೋನ್ ಐಡಿಯಾ ಕಂಪನಿಗೆ ಬರೀ ಮೂರು ಡಬ್ಲ್ಯೂ.

ಮಿಕ್ಕಿದ್ದೆಲ್ಲಾ ಖಾಲಿ ಬಿಡಿ. ಪ್ರಾಕ್ಸಿ, ಪೋರ್ಟ್, ಯೂಸರ್ ನೇಮ್, ಪಾಸ್‌ವರ್ಡ್, ಸರ್ವರ್, ಎಂಎಂಎಸ್‌ಸಿ, ಇವು ಯಾವುದೂ ಬೇಡ. ಇವುಗಳಲ್ಲಿ ಎಷ್ಟೋ ಸಾಲು ವ್ಯಾಪ್ ಕಾಲದವು, ಕೀಪ್ಯಾಡ್ ಫೋನಿಗೆ ಕಂಪನಿಯವರು ಮೆಸೇಜಿನಲ್ಲಿ ಸೆಟ್ಟಿಂಗ್ ಕಳಿಸುತ್ತಿದ್ದರಲ್ಲ, ಆ ಕಾಲದವು. ಆಗಿನ ಪ್ರಾಕ್ಸಿ ನಂಬರುಗಳು ಇನ್ನೂ ನೆಟ್ಟಿನಲ್ಲಿ ಓಡಾಡುತ್ತಿವೆ. ಅವನ್ನು ನೋಡಿ ತುಂಬಿಸಿದರೆ ಬರುವ ನೆಟ್ಟೂ ನಿಲ್ಲುತ್ತದೆ. ಎಪಿಎನ್ ಟೈಪ್ ಅನ್ನುವಲ್ಲಿ ಡಿಫಾಲ್ಟ್ ಇರಬೇಕು. ಪ್ರೋಟೋಕಾಲ್ ಅನ್ನುವಲ್ಲಿ ಐಪಿವಿ4 ಮತ್ತು ಐಪಿವಿ6 ಎರಡೂ ಸೇರಿರುವುದನ್ನು ಆರಿಸಿ, ನೆಟ್‌ವರ್ಕ್ ಯಾವುದು ಕೊಟ್ಟರೂ ಫೋನ್ ತೆಗೆದುಕೊಳ್ಳುತ್ತದೆ.

ಎಂಸಿಸಿ, ಎಂಎನ್‌ಸಿ ಬಗ್ಗೆ ಒಂದು ಮಾತು. ಎಂಸಿಸಿ ದೇಶದ ಗುರುತು, ಭಾರತಕ್ಕೆ 404 ಮತ್ತು 405. ಎಂಎನ್‌ಸಿ ಕಂಪನಿ ಮತ್ತು ಸರ್ಕಲ್ಲಿನ, ಅಂದರೆ ಕರ್ನಾಟಕದಂಥ ಒಂದು ಸೇವಾ ವಲಯದ ಗುರುತು. ಕರ್ನಾಟಕ ಬಿಎಸ್‌ಎನ್‌ಎಲ್‌ಗೆ 71, ಕರ್ನಾಟಕ ಏರ್‌ಟೆಲ್‌ಗೆ 45. ಇದು ಸಿಮ್ಮಿನ ಒಳಗೇ ಬರೆದಿರುತ್ತದೆ. ಸಿಮ್ ಹಾಕಿದ ಕೂಡಲೇ ಫೋನ್ ಅದನ್ನು ಓದಿ ತನ್ನ ಹತ್ತಿರ ಇರುವ ಪಟ್ಟಿಯಿಂದ ಹೊಂದುವ ಎಪಿಎನ್ ತಾನೇ ತೆಗೆದುಕೊಳ್ಳುತ್ತದೆ. ಅದಕ್ಕೇ ಹೆಚ್ಚಿನವರು ಜೀವನದಲ್ಲಿ ಎಪಿಎನ್ ಪೇಜನ್ನೇ ನೋಡಿರುವುದಿಲ್ಲ. ನಂಬರ್ ಪೋರ್ಟ್ ಮಾಡಿಸಿದವರಿಗೂ ಇದೇ ಲೆಕ್ಕ. ನಂಬರ್ ಹಳೇದೇ ಇದ್ದರೂ ಸಿಮ್ ಹೊಸ ಕಂಪನಿಯದ್ದು, ಫೋನ್ ನೋಡುವುದು ಸಿಮ್ಮನ್ನು. ಹೊಸ ಎಪಿಎನ್ ಬರೆಯಲು ಹೋದಾಗ ಆ ಎರಡು ಸಾಲು ಮೊದಲೇ ತುಂಬಿರುತ್ತವೆ. ಅಲ್ಲಿ ಬೇರೆ ನಂಬರ್ ಕಂಡರೆ ಅದನ್ನು ತಿದ್ದಬಾರದು. ನೀವು ಬೇರೆ ಸಿಮ್ಮಿನ ಪೇಜಿನಲ್ಲಿ ಇದ್ದೀರಿ ಅಂತ ಅರ್ಥ.

ಸಾಗರದ ಸರ್ವಿಸ್

ಅಷ್ಟೇ. ಟವರ್ ದಾರಿಯವರು ಕೊನೆಗೆ ಹೇಳಿದ್ದೇ ಉತ್ತರ. ತೋಟದ ಹುಡುಗ ಅವರೇ, ನಿಮ್ಮ ಅಮ್ಮನ ಫೋನಿನಲ್ಲಿ ಏನಾಗಿದೆ ಅಂತ ನನಗೆ ಅನಿಸಿದ್ದನ್ನು ಹೇಳುತ್ತೇನೆ.

ಎರಡು ಸಿಮ್ ಇರುವ ಫೋನಿನಲ್ಲಿ ಎಪಿಎನ್ ಪೇಜ್ ಕೂಡ ಎರಡು. ಸಿಮ್ ಒಂದಕ್ಕೆ ಒಂದು, ಸಿಮ್ ಎರಡಕ್ಕೆ ಒಂದು. ಮೊದಲನೇ ಸಲ ನೀವು ಸರಿಯಾದ ಪೇಜಿಗೇ ಹೋಗಿದ್ದಿರಿ, ಅದಕ್ಕೇ 404, 71 ತಾನಾಗಿ ಇತ್ತು, ಸೇವ್ ಆಗಿ ಪಟ್ಟಿಯಲ್ಲೂ ಕಂಡಿತು. ಆದರೆ ಹೆಸರಿನಲ್ಲಿ ಏನೋ ತಪ್ಪಿದೆ. ಆಮೇಲಿನ ನಾಲ್ಕು ಸಲ ಪೇಜ್ ಹಳೇ ಸಿಮ್ಮಿನದ್ದು ತೆರೆದಿದೆ. ಅಮ್ಮ "ಬೇರೆ ನಂಬರ್ ಇದೆಯಲ್ಲೋ" ಅಂದದ್ದು ಸರಿಯಾಗೇ ಇತ್ತು. ಅಲ್ಲಿ 71 ಬರೆದು ಸೇವ್ ಮಾಡಿದಾಗ ಫೋನ್ ಅದನ್ನು 71ರ ಲೆಕ್ಕಕ್ಕೆ ಸೇರಿಸಿತು. ಹಳೇ ಸಿಮ್ಮಿನ ಪಟ್ಟಿಯಲ್ಲಿ ಆ ಸಿಮ್ಮಿನ ನಂಬರಿನ ಸಾಲುಗಳು ಮಾತ್ರ ಕಾಣುತ್ತವೆ, ಆದ್ದರಿಂದ ನಿಮಗೆ ಮಾಯವಾದ ಹಾಗೆ ಅನಿಸಿತು. ಕೆಲವು ಫೋನಿನಲ್ಲಿ ಅದು ಎಲ್ಲೂ ಹೋಗಿರುವುದಿಲ್ಲ, ಎರಡನೇ ಸಿಮ್ಮಿನ ಪಟ್ಟಿಯಲ್ಲಿ ಕೂತಿರುತ್ತದೆ. ಮೊದಲು ಅಲ್ಲಿ ನೋಡಿಸಿ.

ಇನ್ನು ಕಾಲ್ ವಿಷಯ. ಹೆಚ್ಚಿನ ಎರಡು ಸಿಮ್ ಫೋನುಗಳಲ್ಲಿ ಒಂದು ಸಿಮ್ಮಿನಲ್ಲಿ ಮಾತಾಡುತ್ತಿದ್ದರೆ ಇನ್ನೊಂದು ಸಿಮ್ಮಿನ ನೆಟ್ ನಿಂತುಬಿಡುತ್ತದೆ. ನೀವು ಕಾಲ್ ಮಾಡುತ್ತಿದ್ದದ್ದು ಹಳೇ ಸಿಮ್ಮಿಗೆ, ನೋಡುತ್ತಿದ್ದದ್ದು ಎರಡನೇ ಸಿಮ್ಮಿನ ನೆಟ್. ಎಪಿಎನ್ ಸರಿ ಇದ್ದಿದ್ದರೂ ಆಗ ವಾಟ್ಸಾಪ್ ಸುತ್ತುತ್ತಲೇ ಇರುತ್ತಿತ್ತು. ನನ್ನ ಅಂಗಡಿಗೆ ಫೋನ್ ಮಾಡಿ ಕೇಳುವವರಿಗೆ ನಾನು ಮೊದಲು ಹೇಳುವುದೇ ಇದು: ಮಾತಾಡುತ್ತಾ ನೆಟ್ ನೋಡಬೇಡಿ, ಕಾಲ್ ಇಡಿ, ಹತ್ತು ಎಣಿಸಿ, ಆಮೇಲೆ ನೋಡಿ.

ಈಗ ಮಾಡಬೇಕಾದ್ದು ಇಷ್ಟು. ಸಾಧ್ಯವಾದರೆ ಪಕ್ಕದ ಮನೆಯ ಫೋನಿಗೆ ಕಾಲ್ ಮಾಡಿ ಅಮ್ಮನ ಹತ್ತಿರ ಮಾತಾಡಿ. ಅವರ ಫೋನ್ ಪೂರ್ತಿ ಅವರ ಕೈಯಲ್ಲಿ ಫ್ರೀ ಇರಲಿ. ಸೆಟ್ಟಿಂಗ್ಸ್, ಅದರಲ್ಲಿ ಮೊಬೈಲ್ ನೆಟ್‌ವರ್ಕ್ ಅಥವಾ ಸಿಮ್ ಕಾರ್ಡ್, ಅದರಲ್ಲಿ ಎರಡನೇ ಸಿಮ್ ಮುಟ್ಟಿ, ಕೆಳಗೆ ಹೋದರೆ ಆ್ಯಕ್ಸೆಸ್ ಪಾಯಿಂಟ್ ನೇಮ್ಸ್. ಫೋನ್ ಫೋನಿಗೆ ಹೆಸರು ಸ್ವಲ್ಪ ಬೇರೆ ಇರುತ್ತದೆ, ದಾರಿ ಇದೇ. ಪಟ್ಟಿಯಲ್ಲಿ ಎಷ್ಟು ಸಾಲು ಇದೆ, ಯಾವುದರ ಮುಂದೆ ಗುಂಡಗಿನ ಗುರುತು ತುಂಬಿದೆ ಅಂತ ಓದಿಸಿ. ಸರಿಯಾದ ಸಾಲಿನ ಮುಂದಿನ ಗುಂಡಗಿನದನ್ನು ಮುಟ್ಟಬೇಕು. ಎಷ್ಟೋ ಜನ ಸೇವ್ ಮಾಡಿ ಬಿಡುತ್ತಾರೆ, ಇದನ್ನು ಮುಟ್ಟುವುದಿಲ್ಲ. ಫೋನ್ ಹಳೇ ಸಾಲನ್ನೇ ಹಿಡಿದುಕೊಂಡು ಕೂತಿರುತ್ತದೆ. ಆಮೇಲೆ ಫ್ಲೈಟ್ ಮೋಡ್ ಒಮ್ಮೆ ಹಾಕಿ ತೆಗೆಯಿರಿ.

ಅಂದ ಹಾಗೆ ನಿಮ್ಮ ಗುಡ್ಡದ ಮೇಲಿನ ಟವರ್ ಬಗ್ಗೆ ಒಂದು ಮಾತು ಹೇಳಲೇಬೇಕು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಉದ್ಘಾಟನೆ ಮಾಡಿದರಲ್ಲ, ಅದೇ ಬಿಎಸ್‌ಎನ್‌ಎಲ್ 4ಜಿ. ಒಟ್ಟು 97,500ಕ್ಕೂ ಜಾಸ್ತಿ ಟವರ್. ಉಪಕರಣ ಎಲ್ಲಾ ದೇಶದ್ದೇ. ಟವರಿನ ರೇಡಿಯೋ ಉಪಕರಣ ಮಾಡಿದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್, ಜಾಲದ ನಡುವಿನ ಕೋರ್ ಭಾಗ ಸರ್ಕಾರಿ ಸಂಸ್ಥೆ ಸಿ-ಡಾಟ್‌ನದು, ಎಲ್ಲವನ್ನೂ ಜೋಡಿಸಿದ್ದು ಟಿಸಿಎಸ್. ನಮ್ಮ ಕಡೆಯ ಎಷ್ಟೋ ಹಳ್ಳಿಯಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ ಕೂತಿದ್ದನ್ನು ಕಣ್ಣಾರೆ ಕಂಡವನು ನಾನು. ಅದಕ್ಕೇ ಮನೆ ಎದುರು ಟವರ್ ಬಂದ ಮೇಲೂ ಒಂದು ಚುಕ್ಕೆಗಾಗಿ ಯಾರ ಮನೆಯಲ್ಲೂ ನೆಟ್ ನಿಲ್ಲಬಾರದು ಅಂತ ನನ್ನ ಆಸೆ.

ಶಿರಸಿ ಟೀಚರ್

ನಾನು ಟೀಚರ್, ಇದರಲ್ಲಿ ಎಕ್ಸ್‌ಪರ್ಟ್ ಅಲ್ಲ. ಆದರೆ ಮಾವ, ಅತ್ತೆ, ಪಕ್ಕದ ಮನೆಯ ಅಜ್ಜ, ಎಲ್ಲರ ಫೋನ್ ನೋಡಿಕೊಡುವವಳು ನಾನೇ, ಹಾಗಾಗಿ ಎರಡು ಮಾತು.

ಎಪಿಎನ್ ಪೇಜಿನಲ್ಲಿ ಐಎಂಎಸ್ ಅಂತ ಒಂದು ಸಾಲು ಇದ್ದರೆ ಅದನ್ನು ಅಳಿಸಬೇಡಿ. ನಮ್ಮ ಮಾವನವರ ಫೋನಿನಲ್ಲಿ ಬೇಡದ್ದೆಲ್ಲಾ ತೆಗೆದುಬಿಡೋಣ ಅಂತ ನಾನು ಅದನ್ನೂ ಅಳಿಸಿದೆ. ಸಂಜೆ ನೋಡಿದರೆ ನೆಟ್ ಇದೆ, ಕಾಲ್ ಇಲ್ಲ. ಆ ಸಾಲು ವೋಲ್ಟಿಗೆ, ಅಂದರೆ 4ಜಿಯಲ್ಲಿ ಮಾತಾಡುವುದಕ್ಕೆ ಇರುವುದು ಅಂತ ಆಮೇಲೆ ಗೊತ್ತಾಯಿತು. 2ಜಿ, 3ಜಿ ಇಲ್ಲದೆ ಬರೀ 4ಜಿ, 5ಜಿ ಮೇಲೆ ನಡೆಯುವ ಸಿಮ್ ಆದರೆ ವೋಲ್ಟಿ ಇಲ್ಲದೆ ಮಾತೇ ಇಲ್ಲ. ಅವತ್ತು ಮಾವನವರು ಡಾಕ್ಟರ ಫೋನಿಗೆ ಕಾಯುತ್ತಿದ್ದರು, ನನಗೆ ಎಷ್ಟು ಸಂಕಟ ಆಯಿತು ಅಂದರೆ ಹೇಳಲಾರೆ. ಅದೇ ಪೇಜಿನಲ್ಲಿ ಮೇಲೆ ಮೂರು ಚುಕ್ಕೆ ಒತ್ತಿದರೆ ರೀಸೆಟ್ ಟು ಡಿಫಾಲ್ಟ್ ಅಂತ ಬರುತ್ತದೆ. ಅದನ್ನು ಒತ್ತಿದೆ, ಎಲ್ಲಾ ಮೊದಲಿನ ಹಾಗೆ ವಾಪಸ್ ಬಂತು. ಇದು ಎಪಿಎನ್ ಒಂದನ್ನೇ ಸರಿ ಮಾಡುತ್ತದೆ. ಸೆಟ್ಟಿಂಗ್ಸಿನಲ್ಲಿ ಇರುವ ನೆಟ್‌ವರ್ಕ್ ರೀಸೆಟ್ ಬೇರೆ, ಅದು ವೈಫೈ ಪಾಸ್‌ವರ್ಡ್, ಬ್ಲೂಟೂತ್ ಎಲ್ಲಾ ಅಳಿಸುತ್ತದೆ, ಗೊತ್ತಿರಲಿ.

ಎರಡನೆಯದು ಇದಕ್ಕಿಂತ ಮುಖ್ಯ. ನೆಟ್ ಬರುತ್ತಿಲ್ಲ ಅಂತ ದೊಡ್ಡವರು ಒದ್ದಾಡುವಾಗಲೇ "ಕಂಪನಿಯಿಂದ ಮಾತಾಡುತ್ತಿದ್ದೇವೆ, ಸಿಮ್ ಸರಿ ಮಾಡುತ್ತೇವೆ" ಅನ್ನುವ ಕಾಲ್ ಬರುತ್ತದೆ. ಸ್ಟಾರ್ 401 ಒತ್ತಿ ಒಂದು ನಂಬರ್ ಹಾಕಿ ಅನ್ನುತ್ತಾರೆ. ಅದು ನಿಮಗೆ ಬರುವ ಕಾಲನ್ನು ಅವರ ಫೋನಿಗೆ ತಿರುಗಿಸುವ ಕೋಡ್. ಇದರ ಬಗ್ಗೆ ದೂರಸಂಪರ್ಕ ಇಲಾಖೆಯೇ ಎಚ್ಚರಿಕೆ ಕೊಟ್ಟಿತ್ತು, ಆಮೇಲೆ 2024ರ ಏಪ್ರಿಲ್ 15ರಿಂದ ಹೀಗೆ ಕೋಡ್ ಒತ್ತಿ ಕಾಲ್ ತಿರುಗಿಸುವುದನ್ನೇ ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತು. ಆದರೂ ಬೇರೆ ಬೇರೆ ರೀತಿಯಲ್ಲಿ ಕೇಳುವವರು ಇದ್ದೇ ಇದ್ದಾರೆ. ಕೆಲವರು ಲಿಂಕ್ ಕಳಿಸಿ ಆ್ಯಪ್ ಹಾಕಿಸುತ್ತಾರೆ. ಎಪಿಎನ್ ಸರಿ ಮಾಡಲು ಯಾವ ಆ್ಯಪೂ ಬೇಡ, ಯಾವ ಒಟಿಪಿಯೂ ಬೇಡ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಕಾಲ್ ಮಾಡಿ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿ.

ಮತ್ತೆ ಯಾರಾದರೂ ಹಳೇ ಸಿಮ್ ಕೊಟ್ಟು ಅದೇ ನಂಬರಿಗೆ 4ಜಿ ಸಿಮ್ ತೆಗೆಸಿಕೊಂಡಿದ್ದರೆ, ಹೊಸದು ಚಾಲೂ ಆದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದಿಲ್ಲ. ನಿಮಗೆ ಗೊತ್ತಿಲ್ಲದೆ ಯಾರೋ ನಿಮ್ಮ ನಂಬರಿಗೆ ಸಿಮ್ ತೆಗೆಸಿ ಒಟಿಪಿ ಕದಿಯಬಾರದು ಅಂತ 2022ರಲ್ಲಿ ತಂದ ನಿಯಮ. ಬ್ಯಾಂಕ್ ಕೆಲಸ ಇದ್ದರೆ ಮೊದಲೇ ಮುಗಿಸಿಕೊಳ್ಳಿ.

ನ್ಯೂಜೆರ್ಸಿ ದಾವಣಗೆರೆ

ಇದೇ ಥರದ ಇನ್ನೊಂದು ಗೋಳು ನನ್ನದು, ಮುಂದೆ ಹುಡುಕುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ನನ್ನ ಹಳೇ ಐಫೋನನ್ನು ದಾವಣಗೆರೆಯಲ್ಲಿರುವ ತಮ್ಮನಿಗೆ ಕೊಟ್ಟು ಬಂದೆ. ಇಲ್ಲಿನ ಒಂದು ಕಂಪನಿಯಿಂದ ಕಂತಿನಲ್ಲಿ ತೆಗೆದುಕೊಂಡಿದ್ದ ಫೋನ್. ಅವನು ಅಲ್ಲಿ ಸಿಮ್ ಹಾಕಿದರೆ ತೆಗೆದುಕೊಳ್ಳಲೇ ಇಲ್ಲ. ಎರಡು ದಿನ ಎಪಿಎನ್ ಹುಡುಕಿದ, ಪಾಪ. ಫೋನ್ ಮಾರಿದ ಕಂಪನಿಯ ಸಿಮ್ಮಿಗೇ ಲಾಕ್ ಆಗಿದ್ದರೆ ಎಪಿಎನ್ ಏನು ಹಾಕಿದರೂ ಪ್ರಯೋಜನ ಇಲ್ಲ. ಸೆಟ್ಟಿಂಗ್ಸ್, ಜನರಲ್, ಅಬೌಟ್, ಅಲ್ಲಿ ಕೆಳಗೆ ಕ್ಯಾರಿಯರ್ ಲಾಕ್ ಅಂತ ಇರುತ್ತದೆ. ಅದರ ಮುಂದೆ ನೋ ಸಿಮ್ ರಿಸ್ಟ್ರಿಕ್ಷನ್ಸ್ ಅಂತ ಇದ್ದರೆ ಮಾತ್ರ ಬೇರೆ ಸಿಮ್ ನಡೆಯುತ್ತದೆ. ಉಳಿದ ಕಂತು ಕಟ್ಟಿ ಕಂಪನಿಗೆ ಹೇಳಿ ಅನ್‌ಲಾಕ್ ಮಾಡಿಸಿದೆ, ಸಿಮ್ ಹಾಕಿದ ಕೂಡಲೇ ನೆಟ್ ಬಂತು. ಅಮೆರಿಕದಿಂದ ಫೋನ್ ತರುವವರು ಇನ್ನೊಂದು ನೋಡಿಕೊಳ್ಳಿ: ಇಲ್ಲಿ ಮಾರುವ ಐಫೋನ್ 14 ಮತ್ತು ಆಮೇಲಿನವುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇ-ಸಿಮ್. ಊರಿನಲ್ಲಿ ಅಪ್ಪ ಅಮ್ಮನಿಗೆ ಕೊಡುವ ಮೊದಲು ಯೋಚನೆ ಮಾಡಿ.

ತೋಟದ ಹುಡುಗ

ಬಂತು! ನೆಟ್ ಬಂತು!

ಸಂಜೆ ಪಕ್ಕದ ಮನೆಯ ಅತ್ತಿಗೆಯ ಫೋನಿಗೆ ಕಾಲ್ ಮಾಡಿದೆ. ಅತ್ತಿಗೆ ತಮ್ಮ ಫೋನ್ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಅಮ್ಮ ತಮ್ಮ ಫೋನ್ ತೆಗೆದು, ಈ ಸಲ ಎರಡನೇ ಸಿಮ್ ಮುಟ್ಟಿ, ಅದರ ಒಳಗೆ ಹೋದರು. ಪಟ್ಟಿ ಓದಿಸಿದೆ. ಸಾಗರದ ಅಣ್ಣ ಹೇಳಿದ ಹಾಗೆಯೇ ಅಲ್ಲಿ ಎರಡು ಸಾಲು ಇದ್ದವು. ಎರಡಕ್ಕೂ ನಾನು ಹೇಳಿಕೊಟ್ಟ ಹೆಸರೇ, ಆದರೆ ಅದರ ಕೆಳಗಿನ ಸಣ್ಣ ಅಕ್ಷರ ಓದಿ ಅಂದಾಗ ಗೊತ್ತಾಯಿತು. ಒಂದರಲ್ಲಿ ಏಳು ಅಕ್ಷರ ಸೇರಿಕೊಂಡು ಇದೆ. ಇನ್ನೊಂದರಲ್ಲಿ ಬಿಎಸ್‌ಎನ್‌ಎಲ್ ಆದ ಮೇಲೆ ಒಂದು ಚುಕ್ಕೆ, ಒಂದು ಖಾಲಿ ಜಾಗ, ಆಮೇಲೆ ನೆಟ್. ಗುಂಡಗಿನ ಗುರುತು ಇದ್ದದ್ದು ಆ ಚುಕ್ಕೆ ಇರುವುದರ ಮುಂದೆ.

ಚುಕ್ಕೆ ಎಲ್ಲಿಂದ ಬಂತು ಅಂತ ಅಮ್ಮನನ್ನು ಕೇಳಿದೆ. "ನೀನೇ ಹೇಳಿದೆಯಲ್ಲ, ಬಿಎಸ್‌ಎನ್‌ಎಲ್ ಅಂತ ಹೇಳಿ ಸ್ವಲ್ಪ ನಿಲ್ಲಿಸಿದೆ, ಆಮೇಲೆ ನೆಟ್ ಅಂದೆ. ನಾನು ಮಧ್ಯೆ ಜಾಗ ಬಿಟ್ಟೆ" ಅಂದರು. ಜಾಗ ಬಿಡುವ ಉದ್ದ ಬಟನ್ ಸರಿಯಾಗಿ ಒತ್ತಿತಾ ಇಲ್ಲವಾ ಅಂತ ಅನುಮಾನ ಬಂದು ಎರಡು ಸಲ ಒತ್ತಿದ್ದಾರೆ. ಎರಡು ಸಲ ಒತ್ತಿದರೆ ಕೀಬೋರ್ಡ್ ತಾನೇ ಚುಕ್ಕೆ ಇಡುತ್ತದೆ. ನಾನು ಮಾತಿನ ಮಧ್ಯೆ ಉಸಿರು ತೆಗೆದುಕೊಂಡಿದ್ದನ್ನು ಅವರು ಅಷ್ಟು ಶ್ರದ್ಧೆಯಿಂದ ಬರೆದಿದ್ದಾರೆ.

ಆಮೇಲೆ ಏನೂ ಬರೆಯಬೇಕಾಗಲಿಲ್ಲ. ಸರಿಯಾದ ಸಾಲಿನ ಮುಂದಿನ ಗುಂಡಗಿನದನ್ನು ಅಮ್ಮ ಬೆರಳ ತುದಿಯಲ್ಲಿ ಮುಟ್ಟಿದರು, ಫ್ಲೈಟ್ ಮೋಡ್ ಹಾಕಿ ತೆಗೆದರು. ಅತ್ತಿಗೆಯ ಫೋನಿನಲ್ಲಿ ನನಗೆ ಕೇಳುತ್ತಿತ್ತು, ಅಮ್ಮನ ಫೋನಿಗೆ ಟಣ್ ಟಣ್ ಅಂತ ಒಂದೇ ಸಮ ಮೆಸೇಜ್ ಬರುವುದು. ಒಂದು ವಾರದ್ದು ಅಷ್ಟೂ ಬಂತು. ತಪ್ಪು ಸಾಲನ್ನು ಅಳಿಸಿಸಿದೆ. ಟೀಚರ್ ಹೇಳಿದ ಹಾಗೆ ಐಎಂಎಸ್ ಸಾಲು ಇದೆಯಾ ಅಂತಲೂ ನೋಡಿಸಿದೆ, ಇವರ ಫೋನಿನಲ್ಲಿ ಅದು ಕಾಣುವುದಿಲ್ಲ. ಬೇರೆ ಯಾವುದನ್ನೂ ಮುಟ್ಟಲಿಲ್ಲ. 1930 ನಂಬರನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಸಿದ್ದೇನೆ, ಅದರ ಕೆಳಗೆ ಏಳು ಅಕ್ಷರವನ್ನೂ, ಒಂದಕ್ಕೊಂದು ಅಂಟಿಸಿ.

ಹತ್ತು ನಿಮಿಷ ಬಿಟ್ಟು ಅಮ್ಮನಿಂದಲೇ ವಿಡಿಯೋ ಕಾಲ್ ಬಂತು. ಜಗಲಿಯಿಂದ ಅಲ್ಲ, ಅಡುಗೆಮನೆಯಿಂದ. ಮಗಳು ಅಜ್ಜಿಗೆ ಉದುರಿದ ಹಲ್ಲು ತೋರಿಸಿದಳು. ಅಮ್ಮ ಫೋನ್ ತಿರುಗಿಸಿ ಅವಳಿಗೆ ಕರು ತೋರಿಸಲು ಕೊಟ್ಟಿಗೆಗೆ ಹೋದರು, ಅಲ್ಲಿಯವರೆಗೂ ಚಿತ್ರ ನಿಲ್ಲಲಿಲ್ಲ.